ಕೈಯಲ್ಲಿ ಐಸ್ ಆಕ್ಸ್ ಇದ್ದರೆ ಹಿಮದಲ್ಲಿ ಭಯವಿಲ್ಲವೇ? ವೈರಲ್ ವಿಡಿಯೊ ಹೇಳದ ಸಂಗತಿಗಳು

ಶಿವಮೊಗ್ಗದ ಓದುಗರೊಬ್ಬರು ನಮಗೊಂದು ವಿಡಿಯೊ ಕಳಿಸಿದ್ದರು. ಹಿಮ ತುಂಬಿದ ಇಳಿಜಾರಿನಲ್ಲಿ ಯುವಕನೊಬ್ಬ ಜಾರುತ್ತಾನೆ, ಥಟ್ಟನೆ ಮಗುಚಿಕೊಂಡು ಕೈಯಲ್ಲಿದ್ದ ಸಣ್ಣ ಕೊಡಲಿಯನ್ನು ಹಿಮಕ್ಕೆ ಒತ್ತುತ್ತಾನೆ, ನಿಲ್ಲುತ್ತಾನೆ. ಎಲ್ಲ ಸೇರಿ ಹತ್ತು ಸೆಕೆಂಡ್. ಅದರ ಕೆಳಗೆ ಅವರು ಹೀಗೆ ಬರೆದಿದ್ದರು: “ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಕೆಲಸಕ್ಕೆ ರಜೆ ಹಾಕಿ ಐದು ತಿಂಗಳು ಬೆಟ್ಟದಲ್ಲಿ ನಡೀತೀನಿ ಅಂತಿದ್ದಾನೆ. ಹಿಮ ಇರೋ ಜಾಗವಂತೆ. ಭಯ ಆಗಲ್ವೇನೋ ಅಂದ್ರೆ ಈ ವಿಡಿಯೊ ಕಳಿಸಿ, ‘ಅಮ್ಮಾ, ನಾನೂ ಇದನ್ನ ತಗೊಂಡಿದೀನಿ, ಜಾರಿದ್ರೆ ಹೀಗೆ ನಿಲ್ಲಬಹುದು’ ಅಂದ. ಇದು ನಿಜವೇ? ದಯವಿಟ್ಟು ತಿಳಿಸಿ.”

ಉತ್ತರ ಒಂದೇ ಮಾತಿನಲ್ಲಿ ಬೇಕಾದರೆ: ಅರ್ಧ ನಿಜ. ಆ ಉಪಕರಣ ನಿಜ, ಆ ತಂತ್ರವೂ ನಿಜ. ಆದರೆ ಅದು ಎಲ್ಲ ತಪ್ಪಿದ ಮೇಲೆ ಉಳಿಯುವ ಕೊನೆಯ ಅವಕಾಶ. ಹಿಮದಲ್ಲಿ ಜೀವ ಉಳಿಸುವ ಹೆಚ್ಚಿನ ಕೆಲಸ ಅದಕ್ಕೂ ಮುಂಚೆಯೇ ನಡೆದಿರಬೇಕು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಅವರ ಮಗ ಹೊರಟಿರುವುದು ಎಲ್ಲಿಗೆ?

ಆ ದಾರಿಯ ಹೆಸರು ಪೆಸಿಫಿಕ್ ಕ್ರೆಸ್ಟ್ ಟ್ರೇಲ್, ಚಿಕ್ಕದಾಗಿ ಪಿಸಿಟಿ. ಅಮೆರಿಕದ ಪಶ್ಚಿಮ ಭಾಗದಲ್ಲಿ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ಸುಮಾರು 4,265 ಕಿಲೋಮೀಟರ್ ಉದ್ದದ ಕಾಲುದಾರಿ. ಕ್ಯಾಲಿಫೋರ್ನಿಯಾ, ಓರೆಗಾನ್, ವಾಷಿಂಗ್ಟನ್ ರಾಜ್ಯಗಳನ್ನು ದಾಟುತ್ತದೆ. ಉತ್ತರಕ್ಕೆ ನಡೆಯುವವರು ಸಾಮಾನ್ಯವಾಗಿ ಏಪ್ರಿಲ್–ಮೇ ತಿಂಗಳಲ್ಲಿ ಹೊರಟು, ಮೊದಲು ಮರುಭೂಮಿ ದಾಟಿ, ಸುಮಾರು 1,130 ಕಿಲೋಮೀಟರ್ ಆದಮೇಲೆ ಸಿಯೆರಾ ನೆವಾಡಾ ಪರ್ವತಗಳನ್ನು ತಲುಪುತ್ತಾರೆ. ಆ ಹೊತ್ತಿಗೆ ಜೂನ್ ಬಂದಿರುತ್ತದೆ. ನಮಗೆ ಮುಂಗಾರು ಶುರುವಾಗುವ ಕಾಲ. ಅಲ್ಲಿ ಎತ್ತರದ ಜಾಗಗಳಲ್ಲಿ ಚಳಿಗಾಲದ ಹಿಮ ಇನ್ನೂ ಕರಗಿರುವುದಿಲ್ಲ. ಈ ದಾರಿಯ ಅತಿ ಎತ್ತರದ ಸ್ಥಳ ಫಾರೆಸ್ಟರ್ ಪಾಸ್, 4,009 ಮೀಟರ್. ಅದರ ದಕ್ಷಿಣದ ಬದಿಯಲ್ಲಿ ತುದಿಗೆ ಸ್ವಲ್ಪ ಮುಂಚೆ ಕಾಲುದಾರಿ ಒಂದು ಕಡಿದಾದ ಹಿಮದ ಓಣಿಯನ್ನು ಅಡ್ಡಹಾಯುತ್ತದೆ. ಕೆಲವೇ ಹೆಜ್ಜೆಗಳ ದೂರ, ಆದರೆ ಅಲ್ಲಿ ಜಾರಿದವರಿಗೆ ಕೆಳಗೆ ಕಾಯುತ್ತಿರುವುದು ಬಂಡೆಗಳು.

ಹಿಮ ಪ್ರತಿವರ್ಷ ಒಂದೇ ಸಮ ಇರುವುದಿಲ್ಲ. 2023ರ ಏಪ್ರಿಲ್ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪರ್ವತಗಳಲ್ಲಿ ವಾಡಿಕೆಯ ಎರಡು ಪಟ್ಟಿಗೂ ಹೆಚ್ಚು ಹಿಮ ಇತ್ತು. ಆದ್ದರಿಂದ “ನನ್ನ ಫ್ರೆಂಡ್ ಹೋದ ವರ್ಷ ಬರಿಯ ಶೂನಲ್ಲೇ ಹೋಗಿಬಂದ” ಎನ್ನುವ ಮಾತು ಈ ವರ್ಷಕ್ಕೆ ಪುರಾವೆ ಆಗುವುದಿಲ್ಲ.

ಐಸ್ ಆಕ್ಸ್ ಅಂದರೆ ಏನು?

ಹೆಸರಿನಲ್ಲಿ ಕೊಡಲಿ ಇದ್ದರೂ ಇದು ಸೌದೆ ಸೀಳುವ ಸಾಧನವಲ್ಲ. ಚಾರಣಿಗರು ಬಳಸುವ ಐಸ್ ಆಕ್ಸ್ ಸಾಮಾನ್ಯವಾಗಿ 50ರಿಂದ 75 ಸೆಂಟಿಮೀಟರ್ ಉದ್ದ ಇರುತ್ತದೆ. ತಲೆಯ ಒಂದು ಕಡೆ ಹಕ್ಕಿಯ ಕೊಕ್ಕಿನಂತೆ ಬಾಗಿದ ಚೂಪು ತುದಿ, ಇನ್ನೊಂದು ಕಡೆ ಸಣ್ಣ ಗುದ್ದಲಿಯಂತೆ ಅಗಲವಾದ ತುದಿ, ಕೆಳಗೆ ಹಿಡಿಯ ಕೊನೆಯಲ್ಲಿ ಒಂದು ಮೊನೆ. ಮೊನೆ ಹಿಮಕ್ಕೆ ಚುಚ್ಚಿ ಊರುವುದಕ್ಕೆ, ಗುದ್ದಲಿ ತುದಿ ಹೆಜ್ಜೆಯಿಡಲು ಮೆಟ್ಟಿಲು ಕಡಿಯುವುದಕ್ಕೆ, ಕೊಕ್ಕು ಜಾರಿದಾಗ ತಡೆಯುವುದಕ್ಕೆ.

ವೈರಲ್ ಆಗುವುದು ಕೊಕ್ಕಿನ ಕೆಲಸ ಮಾತ್ರ. ಆದರೆ ನಡಿಗೆಯಲ್ಲಿ ಹೆಚ್ಚು ಹೊತ್ತು ದುಡಿಯುವುದು ಕೆಳಗಿನ ಮೊನೆ. ಇಳಿಜಾರನ್ನು ಅಡ್ಡ ದಾಟುವಾಗ ಆಕ್ಸ್ ಯಾವಾಗಲೂ ಬೆಟ್ಟದ ಕಡೆಯ ಕೈಯಲ್ಲಿರಬೇಕು. ಮೊದಲು ಆಕ್ಸ್ ಊರಬೇಕು, ಅದು ಗಟ್ಟಿಯಾಗಿ ಕೂತಮೇಲೆ ಹೆಜ್ಜೆ ಎತ್ತಬೇಕು. ಕಾಲು ಜಾರಿದರೂ ಹಿಮದಲ್ಲಿ ನೆಟ್ಟ ಆಕ್ಸ್ ಹಿಡಿದು ಅಲ್ಲೇ ನಿಲ್ಲಬಹುದು. ಇದಕ್ಕೆ ಸೆಲ್ಫ್ ಬಿಲೇ ಎನ್ನುತ್ತಾರೆ. ಹಳ್ಳದಲ್ಲಿ ಕೋಲೂರಿ ನಡೆಯುವ ನಮ್ಮ ಹಿರಿಯರು ಮಾಡುವುದೂ ಹೆಚ್ಚುಕಡಿಮೆ ಇದೇ. ನೋಡಲು ಇದರಲ್ಲಿ ಸ್ವಾರಸ್ಯವಿಲ್ಲ, ಹಾಗಾಗಿ ವಿಡಿಯೊ ಆಗುವುದಿಲ್ಲ.

ಜಾರಿದ ಮೇಲೆ ಎಷ್ಟು ಸಮಯ ಇರುತ್ತದೆ?

ಇಲ್ಲಿ ಸ್ವಲ್ಪ ಹೈಸ್ಕೂಲ್ ಭೌತಶಾಸ್ತ್ರ ಬೇಕು. 30 ಡಿಗ್ರಿ ಇಳಿಜಾರು ಎಂದರೆ ಹೆಚ್ಚುಕಡಿಮೆ ಮನೆಯ ಮೆಟ್ಟಿಲಿನಷ್ಟು ಓರೆ. ಬೆಳಗಿನ ಗಟ್ಟಿ ಹಿಮದ ಮೇಲೆ ನೈಲಾನ್ ಜಾಕೆಟ್ ತೊಟ್ಟು ಬಿದ್ದರೆ ಘರ್ಷಣೆ ಬಹಳ ಕಡಿಮೆ. ಘರ್ಷಣೆಯ ಗುಣಾಂಕವನ್ನು 0.1 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಒಂದು ಸೆಕೆಂಡಿಗೆ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್, ಎರಡನೇ ಸೆಕೆಂಡಿಗೆ 29, ಮೂರನೇ ಸೆಕೆಂಡಿಗೆ 44. ಅಷ್ಟರಲ್ಲಿ ಜಾರಿದ ದೂರ ಸುಮಾರು 18 ಮೀಟರ್.

ಅಂದರೆ “ಅಯ್ಯೋ” ಎಂದು ಕಿರುಚುವಷ್ಟರಲ್ಲಿ ನೀವು ಊರೊಳಗೆ ಬೈಕ್ ಓಡಿಸುವ ವೇಗದಲ್ಲಿರುತ್ತೀರಿ. ಆ ವೇಗದಲ್ಲಿ ಕೊಕ್ಕನ್ನು ಹಿಮಕ್ಕೆ ಚುಚ್ಚಿದರೆ ಆಕ್ಸ್ ಕೈಯಿಂದ ಕಿತ್ತುಕೊಂಡು ಹೋಗುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ತಡೆಯುವ ಅವಕಾಶ ಇರುವುದು ಮೊದಲ ಒಂದೆರಡು ಸೆಕೆಂಡಿನಲ್ಲಿ. ಯೋಚನೆ ಮಾಡಿ ಮಾಡುವಷ್ಟು ಹೊತ್ತು ಅಲ್ಲಿರುವುದಿಲ್ಲ. ಕೈ ತಾನಾಗಿಯೇ ಮಾಡಬೇಕು, ಮಾಡಬೇಕಾದರೆ ಮೊದಲೇ ಹತ್ತಾರು ಸಲ ಮಾಡಿರಬೇಕು.

ಈ ತಂತ್ರಕ್ಕೆ ಸೆಲ್ಫ್ ಅರೆಸ್ಟ್ ಎಂದು ಹೆಸರು. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ; ನಮ್ಮನ್ನು ನಾವೇ ತಡೆದುಕೊಳ್ಳುವುದು ಎಂದರ್ಥ. ಒಂದು ಕೈ ಆಕ್ಸ್‌ನ ತಲೆಯ ಮೇಲೆ, ಇನ್ನೊಂದು ಕೈ ಹಿಡಿಯ ಕೆಳತುದಿಯ ಹತ್ತಿರ. ಹಿಡಿ ಎದೆಯ ಮೇಲೆ ಓರೆಯಾಗಿರಬೇಕು, ತಲೆ ಭುಜದ ಮುಂದಿರಬೇಕು. ತಲೆ ಹಿಡಿದ ಕೈಯ ಕಡೆಗೇ ಹೊರಳಿ ಹೊಟ್ಟೆ ಅಡಿಯಾಗಬೇಕು. ಕೊಕ್ಕನ್ನು ಬೀಸಿ ಹೊಡೆಯಬಾರದು, ಭುಜದ ಭಾರ ಹಾಕಿ ಒತ್ತಬೇಕು. ಮುಖವನ್ನು ಆಚೆ ಕಡೆ ತಿರುಗಿಸಿಕೊಂಡಿರಬೇಕು. ಬರಿಯ ಬೂಟ್ ಇದ್ದರೆ ಕಾಲ್ಬೆರಳ ತುದಿಯನ್ನು ಹಿಮಕ್ಕೆ ಊರಬಹುದು. ಆದರೆ ಬೂಟಿಗೆ ಕ್ರಾಂಪಾನ್, ಅಂದರೆ ಉದ್ದ ಹಲ್ಲಿನ ಲೋಹದ ಚೌಕಟ್ಟು ಕಟ್ಟಿದ್ದರೆ ಮೊಣಕಾಲು ಮಡಿಸಿ ಪಾದ ಮೇಲೆತ್ತಿರಬೇಕು. ಇಲ್ಲದಿದ್ದರೆ ಹಲ್ಲು ಹಿಮಕ್ಕೆ ಸಿಕ್ಕಿ ಕಣಕಾಲು ಮುರಿಯುತ್ತದೆ, ಅಥವಾ ದೇಹವೇ ಪಲ್ಟಿ ಹೊಡೆಯುತ್ತದೆ.

ಇದನ್ನು ಓದಿದರೆ ಕಲಿತಂತಾಗಲಿಲ್ಲ ಎಂಬುದನ್ನು ನಾವೇ ಹೇಳುತ್ತೇವೆ. ಸೈಕಲ್ ಹೊಡೆಯುವುದನ್ನು ಲೇಖನ ಓದಿ ಕಲಿತವರಿಲ್ಲ. ಕೆಳಗೆ ಬಂಡೆಯಿಲ್ಲದ, ತಾನಾಗಿ ಸಮತಟ್ಟಾಗುವ ಹಿಮದ ಇಳಿಜಾರಿನಲ್ಲಿ, ಗೊತ್ತಿರುವವರ ಎದುರು, ಕ್ರಾಂಪಾನ್ ಬಿಚ್ಚಿಟ್ಟು ಅಭ್ಯಾಸ ಮಾಡಬೇಕು. ಕೂತು ಜಾರಿ, ಬೆನ್ನಮೇಲೆ ಜಾರಿ, ತಲೆ ಕೆಳಗಾಗಿ ಜಾರಿ, ಎರಡೂ ಕೈಗಳಿಗೆ ರೂಢಿಯಾಗುವವರೆಗೆ. ಆ ವೈರಲ್ ವಿಡಿಯೊ ಬಹುಶಃ ಅಂಥ ಅಭ್ಯಾಸದ್ದೇ. ನೋಡಿ, ಆ ಯುವಕ ಜಾರುವ ಮೊದಲೇ ಆಕ್ಸನ್ನು ಸರಿಯಾಗಿ ಹಿಡಿದು ಸಿದ್ಧನಾಗಿದ್ದಾನೆ. ನಿಜವಾದ ಜಾರುವಿಕೆ ಹೇಳಿ ಬರುವುದಿಲ್ಲ.

ಹಿಮದ ಬಗ್ಗೆ ಓಡಾಡುವ ಕೆಲವು ತಪ್ಪು ನಂಬಿಕೆಗಳು

“ಮೈಕ್ರೋಸ್ಪೈಕ್ ಹಾಕಿದರೆ ಎಲ್ಲಿ ಬೇಕಾದರೂ ನಡೆಯಬಹುದು.” ಇಲ್ಲ. ಶೂ ಮೇಲೆ ರಬ್ಬರಿನಿಂದ ಎಳೆದು ಹಾಕುವ ಸಣ್ಣ ಹಲ್ಲುಗಳಿವು. ಸಮತಟ್ಟಾದ ಅಥವಾ ಸಾಧಾರಣ ಇಳಿಜಾರಿನ ದಾರಿಗೆ ಬಹಳ ಉಪಯುಕ್ತ. ಗಟ್ಟಿಯಾದ ಕಡಿದು ಇಳಿಜಾರಿಗೆ ಕ್ರಾಂಪಾನ್ ಬೇಕು, ಅದನ್ನು ಹಾಕಿ ನಡೆಯುವುದನ್ನೂ ಕಲಿತಿರಬೇಕು.

“ಟ್ರೆಕ್ಕಿಂಗ್ ಕೋಲು ಇದ್ದರೆ ಆಕ್ಸ್ ಬೇಡ.” ಕೋಲು ಸಮತೋಲನಕ್ಕೆ ಒಳ್ಳೆಯದು. ಆದರೆ ಜಾರುವ ದೇಹವನ್ನು ಅದು ನಿಲ್ಲಿಸುವುದಿಲ್ಲ. ಹಾಗೆಯೇ ಬ್ಯಾಗಿಗೆ ಕಟ್ಟಿಟ್ಟ ಆಕ್ಸ್‌ನಿಂದಲೂ ಉಪಯೋಗವಿಲ್ಲ. ಕಡಿದು ಜಾಗ ಬರುವ ಮುಂಚೆಯೇ ಅದು ಕೈಗೆ ಬಂದಿರಬೇಕು.

“ಹಿಮದಲ್ಲಿ ಜಾರುಬಂಡೆ ಆಡುತ್ತ ಇಳಿದರೆ ಬೇಗ ಇಳಿಯಬಹುದು.” ಕೂತು ಜಾರಿ ಇಳಿಯುವುದು ನಿಜವಾಗಿಯೂ ಒಂದು ವಿಧಾನ. ಆದರೆ ಕೆಳಗೆ ಏನಿದೆ ಎಂದು ಕಣ್ಣಿಗೆ ಕಂಡರೆ ಮಾತ್ರ, ಹಿಮ ಮೆದುವಾಗಿದ್ದರೆ ಮಾತ್ರ, ಕ್ರಾಂಪಾನ್ ಬಿಚ್ಚಿದ್ದರೆ ಮಾತ್ರ.

“ಬಿಸಿಲು ಬಂದಮೇಲೆ ಹೊರಟರೆ ಸುರಕ್ಷಿತ.” ಬಿಸಿಲಿಗೆ ಹಿಮ ಮೆದುವಾಗುತ್ತದೆ ಎಂಬುದು ಸರಿ. ಆದರೆ ಮಧ್ಯಾಹ್ನಕ್ಕೆ ಅದು ಎಷ್ಟು ಮೆದುವಾಗುತ್ತದೆಂದರೆ ಹೆಜ್ಜೆಹೆಜ್ಜೆಗೂ ತೊಡೆಯವರೆಗೆ ಹೂತುಹೋಗುತ್ತದೆ, ಒದ್ದೆ ಹಿಮ ಕುಸಿಯುವ ಅಪಾಯವೂ ಹೆಚ್ಚುತ್ತದೆ. ಹಾಗಾಗಿ ಅನುಭವಿಗಳು ನಸುಕಿನಲ್ಲೇ ಎದ್ದು, ಹಿಮ ಗಟ್ಟಿಯಿರುವಾಗ ಕ್ರಾಂಪಾನ್ ಹಾಕಿ ಹತ್ತಿ, ಮಧ್ಯಾಹ್ನಕ್ಕೆ ಮುಂಚೆ ಆಚೆ ಬದಿ ಇಳಿದುಬಿಡುತ್ತಾರೆ.

“ಚಳಿಗೆ ಬ್ರಾಂದಿ ಔಷಧಿ.” ಮದ್ಯ ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತದೆ. ಜೊತೆಗೆ ತೀರ್ಮಾನ ತೆಗೆದುಕೊಳ್ಳುವ ಶಕ್ತಿಯೂ ಮಂಕಾಗುತ್ತದೆ.

“ಮರಗಟ್ಟಿದ ಬೆರಳಿಗೆ ಹಿಮ ಉಜ್ಜಬೇಕು.” ಖಂಡಿತ ಬೇಡ. ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಿದರೆ ಗಾಯ ದೊಡ್ಡದಾಗುತ್ತದೆ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇಲ್ಲದ ಜಾಗಕ್ಕೆ ಬಂದಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು, ವೈದ್ಯರಿಗೆ ತೋರಿಸಬೇಕು.

“ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ.” ಕೋವಿಡ್ ಕಾಲದಲ್ಲಿ ಹರಿದಾಡಿದ ಫಾರ್ವರ್ಡ್ ಇದು, ಚಾರಣದ ಗುಂಪುಗಳಲ್ಲಿ ಈಗಲೂ ಜೀವಂತವಾಗಿದೆ. ಕರ್ಪೂರ ಮೂಗಿಗೆ ತಂಪೆನಿಸುತ್ತದೆ, ರಕ್ತದ ಆಮ್ಲಜನಕವನ್ನು ಹೆಚ್ಚಿಸುವುದಿಲ್ಲ. ಎತ್ತರದಲ್ಲಿ ತಲೆನೋವು, ವಾಂತಿ, ತೂರಾಟ ಹೆಚ್ಚಾಗುತ್ತಿದ್ದರೆ ಕೆಳಗಿಳಿಯುವುದೇ ಮದ್ದು.

ಆಕ್ಸ್‌ನಿಂದ ತಡೆಯಲಾಗದ ಅಪಾಯಗಳು

ಇಷ್ಟು ಹೊತ್ತು ಮಾತಾಡಿದ್ದು ಜಾರುವುದರ ಬಗ್ಗೆ. ಆದರೆ ಹಿಮದ ನಾಡಿನಲ್ಲಿ ಸಾವು ಬರುವ ದಾರಿ ಅದೊಂದೇ ಅಲ್ಲ.

ಮೊದಲನೆಯದು ನೀರು. ಕರಗಿದ ಹಿಮವೆಲ್ಲ ಹೊಳೆಗೆ ಬರುತ್ತದೆ. 2017ರಲ್ಲಿಯೂ ಸಿಯೆರಾದಲ್ಲಿ ಹಿಮ ಬಹಳ ಇತ್ತು. ಆ ಬೇಸಿಗೆಯಲ್ಲಿ ಪಿಸಿಟಿ ನಡೆಯುತ್ತಿದ್ದ ಇಬ್ಬರು ಮಹಿಳೆಯರು ಬೇರೆಬೇರೆ ಕಡೆ ಹೊಳೆಗಳ ಪಾಲಾದರು. ಹಿಮದ ಹೊಳೆ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ರಾತ್ರಿಯ ಚಳಿಗೆ ಕರಗುವುದು ಕಡಿಮೆಯಾಗುವುದರಿಂದ ಬೆಳಗಿನ ಜಾವ ನೀರು ಸಾಮಾನ್ಯವಾಗಿ ಕಡಿಮೆ, ಸಂಜೆಗೆ ಹೆಚ್ಚು. ಸಂಜೆ ದಾಟಲಾಗದ ಹೊಳೆಯ ಈಚೆ ದಡದಲ್ಲೇ ಟೆಂಟ್ ಹಾಕಿ ಮಲಗಿ, ಬೆಳಗ್ಗೆ ನೋಡುವ ತಾಳ್ಮೆ ಯಾವ ಅಂಗಡಿಯಲ್ಲೂ ಸಿಗುವ ಉಪಕರಣವಲ್ಲ.

ಎರಡನೆಯದು ಹಿಮಕುಸಿತ. ಹೆಚ್ಚಿನ ಹಿಮಕುಸಿತಗಳು ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಾವು ಆಕ್ಸ್ ತೆಗೆಯಬೇಕು ಎಂದುಕೊಳ್ಳುವ ಇಳಿಜಾರೂ ಅದೇ. ಹೊಸ ಹಿಮ ಬಿದ್ದ ನಂತರದ ಒಂದೆರಡು ದಿನ ಅಪಾಯ ಹೆಚ್ಚು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಲುಕಿದವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದವರು. 27 ಮಂದಿಯ ಶವಗಳು ಸಿಕ್ಕವು. ಅವರ ಬಳಿ ಉಪಕರಣವೂ ಇತ್ತು, ತರಬೇತಿಯೂ ಇತ್ತು. ಕುಸಿದು ಬರುವ ಹಿಮದ ಎದುರು ಕೈಯಲ್ಲಿನ ಆಕ್ಸ್‌ಗೆ ಬೆಲೆಯಿಲ್ಲ.

ಮೂರನೆಯದು ಚಳಿ ಮತ್ತು ಗಾಳಿ. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಮೇ ಕೊನೆಯಲ್ಲಿ ಬಹುತೇಕ ಕರ್ನಾಟಕದವರೇ ಇದ್ದ 22 ಮಂದಿಯ ಚಾರಣ ತಂಡ ಉತ್ತರಾಖಂಡದ ಸಹಸ್ರತಾಲ್‌ಗೆ ಹೊರಟಿತ್ತು. ಜೂನ್ ಮೊದಲ ವಾರ ಎತ್ತರದಲ್ಲಿ ಹಿಮಬಿರುಗಾಳಿಗೆ ಸಿಲುಕಿ ಒಂಬತ್ತು ಮಂದಿ ತೀರಿಕೊಂಡರು. 13 ಮಂದಿಯನ್ನು ರಕ್ಷಿಸಿ ಕರೆತರಲಾಯಿತು. ಅವರನ್ನು ಕರೆತರುವ ಕೆಲಸ ನೋಡಿಕೊಳ್ಳಲು ರಾಜ್ಯದ ಕಂದಾಯ ಸಚಿವ ಕೃಷ್ಣ ಬೈರೇಗೌಡರೇ ಡೆಹ್ರಾಡೂನ್‌ಗೆ ಹೋಗಿದ್ದರು. ತೀರಿಕೊಂಡವರ ಬಗ್ಗೆ ಆಗ “ಅಲ್ಲಿಗೆ ಯಾಕೆ ಹೋಗಬೇಕಿತ್ತು” ಎಂಬ ಫಾರ್ವರ್ಡ್‌ಗಳು ಓಡಾಡಿದ್ದನ್ನು ನಾವೂ ನೋಡಿದ್ದೇವೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಉಪಯೋಗವಾಗುವುದು, ಚಳಿ ಹೇಗೆ ಕೊಲ್ಲುತ್ತದೆ ಎಂದು ತಿಳಿದರೆ.

ಉಷ್ಣಾಂಶ 0 ಡಿಗ್ರಿ ಇದ್ದು ಗಾಳಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 8 ಡಿಗ್ರಿಯಷ್ಟು ತಣ್ಣಗೆ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಹೈಪೊಥರ್ಮಿಯಾ ಎನ್ನುತ್ತಾರೆ. ಮೊದಲು ಜೋರು ನಡುಕ, ಆಮೇಲೆ ತೊದಲು ಮಾತು, ಎಡವುವ ಹೆಜ್ಜೆ, ಎಲ್ಲದಕ್ಕೂ ಬೇಸರ. ನಡುಕ ನಿಂತುಹೋದರೆ ಸುಧಾರಿಸಿದರು ಎಂದುಕೊಳ್ಳಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದೇ ತಿಳಿಯಬೇಕು. ಹೈಪೊಥರ್ಮಿಯಾ ಆದವರಿಗೆ ತಮಗೆ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ, ಜೊತೆಯವರು ಗುರುತಿಸಬೇಕು. ಗಾಳಿಯಿಂದ ಮರೆಗೆ ತನ್ನಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ನೆಲಕ್ಕೂ ಮೈಗೂ ನಡುವೆ ಮ್ಯಾಟ್ ಹಾಕಿ, ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಡಿ.

ಹಿಮವೇ ಇಲ್ಲದ ಊರಿನವರು ತಯಾರಾಗುವುದು ಹೇಗೆ?

ಕರ್ನಾಟಕದ ಚಾರಣಿಗರ ತೊಡಕು ಇಲ್ಲಿದೆ. ಕುಮಾರಪರ್ವತ, ಕೊಡಚಾದ್ರಿ ಹತ್ತಿದರೆ ಕಾಲಿಗೆ ಬಲ ಬರುತ್ತದೆ, ಉಸಿರು ಪಳಗುತ್ತದೆ, ಭಾರ ಹೊರುವ ಅಭ್ಯಾಸವಾಗುತ್ತದೆ. ಹಿಮದ ಮೇಲಿನ ಹೆಜ್ಜೆ ಮಾತ್ರ ಹಿಮದಲ್ಲೇ ಕಲಿಯಬೇಕು.

ಭಾರತದಲ್ಲಿ ಇದಕ್ಕೆ ಒಳ್ಳೆಯ ಶಾಲೆಗಳಿವೆ. ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ 1954ರಲ್ಲಿ, ಉತ್ತರಕಾಶಿಯ ನೆಹರೂ ಸಂಸ್ಥೆ 1965ರಲ್ಲಿ ಶುರುವಾದವು. ಮನಾಲಿಯಲ್ಲೂ ಒಂದು ಸಂಸ್ಥೆಯಿದೆ. ಇವುಗಳ ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರದ್ದು. ಆಕ್ಸ್ ಹಿಡಿಯುವುದು, ಕ್ರಾಂಪಾನ್ ನಡಿಗೆ, ಸೆಲ್ಫ್ ಅರೆಸ್ಟ್ ಎಲ್ಲವನ್ನೂ ಕೈಹಿಡಿದು ಕಲಿಸುತ್ತಾರೆ. ಅಮೆರಿಕದಲ್ಲಿರುವವರಿಗೆ ಒಂದೆರಡು ದಿನದ ಹಿಮ ನಡಿಗೆ ತರಗತಿಗಳು ಸಿಗುತ್ತವೆ. ಅಷ್ಟಾದರೂ ಆಗಲೇಬೇಕು.

ತಂಪು ಕನ್ನಡಕ ಮರೆಯಬೇಡಿ. ತಾಜಾ ಹಿಮ ನೇರಳಾತೀತ ಕಿರಣಗಳ ಹೆಚ್ಚಿನ ಭಾಗವನ್ನು ಮುಖಕ್ಕೆ ವಾಪಸ್ ಕಳಿಸುತ್ತದೆ. ಒಂದು ದಿನ ಬರಿಗಣ್ಣಲ್ಲಿ ನಡೆದರೆ ರಾತ್ರಿಗೆ ಕಣ್ಣಲ್ಲಿ ಮರಳು ಹಾಕಿದಂತಾಗಿ ದಾರಿಯೇ ಕಾಣದಂತಾಗಬಹುದು.

ಅಮೆರಿಕದ ಸಲಹೆಗಳನ್ನು ಹಾಗೇ ಹಿಮಾಲಯಕ್ಕೆ ತರುವವರಿಗೆ ಒಂದು ಎಚ್ಚರಿಕೆ. ಪಿಸಿಟಿಯಲ್ಲಿ ಅನೇಕರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನ ಒಯ್ಯುತ್ತಾರೆ, ಅದು ಅಲ್ಲಿ ಒಳ್ಳೆಯ ಅಭ್ಯಾಸ. ಭಾರತದಲ್ಲಿ ಅಂಥ ಸಾಧನ ಮತ್ತು ಸ್ಯಾಟಲೈಟ್ ಫೋನನ್ನು ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಇಲ್ಲಿ ತಂಡದ ಬಳಿ ಯಾವ ಸಂಪರ್ಕ ವ್ಯವಸ್ಥೆ ಇದೆ ಎಂದು ಹೊರಡುವ ಮುಂಚೆಯೇ ಕೇಳಿ.

ಶಿವಮೊಗ್ಗದ ಆ ಅಮ್ಮನಿಗೆ ನಾವು ಕೊಟ್ಟ ಉತ್ತರ

ಹೋಗಬೇಡ ಎಂದು ಹೇಳಿ ಎಂದು ನಾವು ಹೇಳಲಿಲ್ಲ. ಪ್ರತಿವರ್ಷ ನೂರಾರು ಜನ ಆ ದಾರಿಯನ್ನು ನಡೆದು ಮುಗಿಸುತ್ತಾರೆ. ಮಗನನ್ನು ಈ ಐದು ಪ್ರಶ್ನೆ ಕೇಳಿ ಎಂದೆವು. ನಿಮ್ಮ ಮನೆಯಿಂದ ಯಾರಾದರೂ ಹಿಮದ ಕಡೆ ಹೊರಟಿದ್ದರೆ ನೀವೂ ಕೇಳಬಹುದು.

1. ಆಕ್ಸ್ ತಗೊಂಡಿದೀಯ ಸರಿ, ಅದನ್ನು ಹಿಡಿದು ಹಿಮದಲ್ಲಿ ಬಿದ್ದು ಅಭ್ಯಾಸ ಮಾಡಿದೀಯಾ? ಯಾರು ಕಲಿಸಿದರು?
2. ಈ ವರ್ಷ ಅಲ್ಲಿ ಹಿಮ ಎಷ್ಟಿದೆ ಎಂದು ನೋಡಿದೀಯಾ?
3. ಎತ್ತರದ ಪಾಸ್‌ಗಳನ್ನು ಒಬ್ಬನೇ ದಾಟುತ್ತೀಯಾ, ಜೊತೆಗೆ ಯಾರಿರುತ್ತಾರೆ?
4. ಎಷ್ಟು ದಿನಕ್ಕೊಮ್ಮೆ ಸುದ್ದಿ ಕೊಡುತ್ತೀಯ? ಕೊಡದಿದ್ದರೆ ನಾನು ಯಾರಿಗೆ ಫೋನ್ ಮಾಡಬೇಕು?
5. ಯಾವ ಸ್ಥಿತಿ ಕಂಡರೆ ವಾಪಸ್ ಬರುತ್ತೀಯ?

ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ಉತ್ತರವನ್ನು ಮನೆಯಲ್ಲಿ ಕೂತು, ಬೆಚ್ಚಗಿರುವಾಗಲೇ ತೀರ್ಮಾನಿಸಿರಬೇಕು. ದಣಿದು, ನೆನೆದು, “ಇಷ್ಟು ದೂರ ಬಂದಾಯ್ತು” ಎಂಬ ಆಸೆಯಲ್ಲಿ ನಿಂತಾಗ ಸರಿಯಾದ ತೀರ್ಮಾನ ಹೊಳೆಯುವುದು ಕಷ್ಟ. ಪಿಸಿಟಿಯಲ್ಲಿ ಹಿಮ ಹೆಚ್ಚಿದ್ದ ವರ್ಷ ಅನೇಕರು ಸಿಯೆರಾ ಭಾಗವನ್ನು ಬಿಟ್ಟು ಉತ್ತರಕ್ಕೆ ಹೋಗಿ, ಹಿಮ ಕರಗಿದ ಮೇಲೆ ಬಂದು ನಡೆದಿದ್ದಾರೆ. ಅವರನ್ನು ಯಾರೂ ಹೇಡಿಗಳು ಎನ್ನುವುದಿಲ್ಲ.

ಎರಡು ದಿನ ಬಿಟ್ಟು ಅವರ ಉತ್ತರ ಬಂತು: “ಮೊದಲ ಪ್ರಶ್ನೆಗೇ ಸುಮ್ಮನಾದ. ಈಗ ಯಾವುದೋ ಎರಡು ದಿನದ ತರಗತಿಗೆ ಸೇರಿದಾನಂತೆ.”

ಆ ಹತ್ತು ಸೆಕೆಂಡಿನ ವಿಡಿಯೊ ನಿಮ್ಮ ಗುಂಪಿಗೂ ಬಂದರೆ ಹಂಚಿಕೊಳ್ಳಿ, ತಪ್ಪೇನಿಲ್ಲ. ಜೊತೆಗೆ ಆ ಐದು ಪ್ರಶ್ನೆಗಳನ್ನೂ ಕಳಿಸಿ.